ಕಳ್ಳಿ ಕೊಟ್ಟ ಕೆಂಪು

ಡಬಗಳ್ಳಿಯನ್ನು ಕೊಯ್ದರೆ ಎಳೆ ಸವತೆಕಾಯಿ ಹೆಚ್ಚಿದ ವಾಸನೆ ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನಂಬದವರು ಕೊಯ್ದು ನೋಡಿದವರಲ್ಲ, ಅಷ್ಟೇ. ಹೋದ ವಾರ ಹುಬ್ಬಳ್ಳಿಯಲ್ಲಿ ನನ್ನ ತಮ್ಮನ ಮಗಳು ಸುನಂದಾ ಮಾಳಿಗೆಯ ಮೇಲಿನ ಕುಂಡದ ಕಳ್ಳಿಗೆ ಕತ್ತರಿ ಹಾಕಿದಳು. ಪುಸ್ತಕದಲ್ಲಿ ಅದಕ್ಕೆ ಪಾಪಾಸುಕಳ್ಳಿ ಅನ್ನುತ್ತಾರೆ, ನಮ್ಮ ಕಡೆ ಡಬಗಳ್ಳಿ. ನಾನು ಕೋಲು ಪಕ್ಕಕ್ಕಿಟ್ಟು ಎಳೆಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಹಾದ ಬಟ್ಟಲು ಕೆಳಗಿಟ್ಟೆ.

"ಸುನಂದಾ, ನಟ್ಟನಡುವ ಕೊಯ್ಯಬ್ಯಾಡ. ಗೆಣ್ಣಿಗೆ ಕೊಯ್ಯಿ. ಮೊದಲ ಒಂದೀಟು ನೀರ ಚಿಮುಕಸು, ಇಲ್ಲಂದ್ರ ಮುಳ್ಳು ಹಾರಿ ಕಣ್ಣಾಗ ಬೀಳತಾವ."

"ಅತ್ಯಾ, ನಿಮಗ ಕಳ್ಳಿ ವಿದ್ಯಾನೂ ಗೊತ್ತೈತೇನ್ರಿ?" ಎಂದು ಅವಳು ನಕ್ಕಳು.

ನನಗೆ ಗೊತ್ತಿರುವುದು ಒಂದೇ ಒಂದು ಕಳ್ಳಿಯ ವಿಷಯ. ಅದು ಗಜೇಂದ್ರಗಡದಲ್ಲಿ, ಗುಡ್ಡದ ಬುಡದ ಒಂದು ಮನೆಯ ಹಿತ್ತಲಲ್ಲಿತ್ತು. ಅದರ ಜೊತೆ ನಾನು ಕಳೆದದ್ದು ಒಂದು ಬೇಸಿಗೆ, ಒಂದು ಮಳೆಗಾಲ.

ಐವತ್ತರ ದಶಕದ ನಡುವಿನ ಮಾತು. ನಮ್ಮ ಸೀಮೆಯ ಸರಕಾರಿ ಕೆಲಸವೆಲ್ಲ ಇನ್ನೂ ಮುಂಬಯಿಯ ಹೆಸರಿನಲ್ಲಿ ನಡೆಯುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ನನಗೆ ಗಡದ ಹೆಣ್ಣುಮಕ್ಕಳ ಸಾಲೆಗೆ ಶಿಕ್ಷಕಿಯಾಗಿ, ಊರವರ ಬಾಯಲ್ಲಿ ಅಕ್ಕೋರಾಗಿ, ವರ್ಗವಾಯಿತು. ನಾನು ನರಗುಂದದವಳು, ಆಗಿನ್ನೂ ಮದುವೆಯಾಗಿರಲಿಲ್ಲ. ಟ್ರಂಕು, ಹಾಸಿಗೆಯ ಸುರುಳಿ, ಒಂದು ಸ್ಟೋವು ಇಷ್ಟನ್ನು ಹೊತ್ತು ರೋಣದಲ್ಲಿ ಬಸ್ಸು ಬದಲಿಸಿ ಗಡದಲ್ಲಿ ಇಳಿದಾಗ ರೆಪ್ಪೆಯ ಮೇಲೂ ಧೂಳು. ಊರಿನಲ್ಲಿ ಮೊದಲು ಕಿವಿಗೆ ಬಿದ್ದದ್ದು ಮಗ್ಗದ ಸಪ್ಪಳ. ಓಣಿಯ ಈ ತುದಿಯಿಂದ ಆ ತುದಿಯವರೆಗೂ ಖಟ್ ಖಟ್ ಖಟ್. ಮೊದಲ ವಾರ ಅದರಿಂದ ತಲೆ ಸಿಡಿಯಿತು. ಎರಡನೆಯ ವಾರದಿಂದ ಮಗ್ಗ ನಿಂತರೆ ಏನೋ ಕೆಟ್ಟಿದೆ ಎಂದು ತಿರುಗಿ ನೋಡುವ ಹಾಗಾಯಿತು.

ಖೋಲಿ ಸಿಕ್ಕದ್ದು ಗುರವ್ವ ಆಯಿಯ ಮನೆಯಲ್ಲಿ. ಆಯಿಗೆ ಎಪ್ಪತ್ತರ ಹತ್ತಿರ ವಯಸ್ಸು, ಬಡಕಲು ಮೈ, ಗಟ್ಟಿ ದನಿ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮಗ ಈರಪ್ಪ ಮುಂದಿನ ಪಡಸಾಲೆಯಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ಸೊಸೆ ನೀಲವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನ್ನ ಖೋಲಿಯ ಹಿಂಬಾಗಿಲು ತೆರೆದರೆ ಹಿತ್ತಲು, ಹಿತ್ತಲಿನ ಕೊನೆಗೆ ಕಲ್ಲಿನ ಗೋಡೆ, ಗೋಡೆಗೆ ಒತ್ತಿಕೊಂಡು ಆ ಕಳ್ಳಿ.

ಹೊಲದ ಬದುವಿನಲ್ಲಿ ಕಳ್ಳಿ ನೋಡದವಳೇನಲ್ಲ ನಾನು. ಅದು ಮನಸ್ಸಿಗೆ ಬಂದ ಕಡೆ ಬೆಳೆದು, ದಾರಿಗೆ ಅಡ್ಡ ಬಂದು, ಹೋಗುವವರ ಸೆರಗು ಹಿಡಿಯುವ ಜಾತಿ. ಇದು ಹಾಗಲ್ಲ. ತಲೆ ಬಾಚಿ ಹೆರಳು ಹಾಕಿ ಸಾಲೆಗೆ ಕಳಿಸಿದ ಹುಡುಗಿಯ ಹಾಗೆ ನಿಂತಿತ್ತು. ಒಂದು ಎಲೆ ಇನ್ನೊಂದಕ್ಕೆ ತಾಗುತ್ತಿರಲಿಲ್ಲ, ನಡುವೆ ಕೈ ಹೋಗುವಷ್ಟು ಬಯಲು, ಬುಡದಲ್ಲಿ ಕಸ ಗುಡಿಸಿದ ನೆಲ. ಮುಳ್ಳಿನ ಗಿಡಕ್ಕೆ ಇಷ್ಟು ಉಪಚಾರವೇ ಎಂದು ನನಗೆ ಸೋಜಿಗ. ಏನು ಕಂಡರೂ ಯಾಕೆ ಎಂದು ಕೇಳುವುದು ನನಗೆ ಮೊದಲಿನಿಂದ ಅಂಟಿದ ಚಟ. ನರಗುಂದದಲ್ಲಿ ನನ್ನ ಅವ್ವ ಇದೊಂದರ ಸಲುವಾಗಿ ನನ್ನನ್ನು ಗಂಡಿನವರ ಮುಂದೆ ಬಾಯಿ ಬಿಡಗೊಡುತ್ತಿರಲಿಲ್ಲ.

ಯುಗಾದಿ ಮುಗಿದ ಮರುದಿನ ಆಯಿ ಕುಡಗೋಲು ಮಸೆದಳು. ಮುಂಜಾವದ ಸಾಲೆ ಮುಗಿಸಿ ಬಂದ ನಾನು ಹೊಸ್ತಿಲ ಮೇಲೆ ಕೂತೆ. ಆಯಿ ಮೊದಲು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಸೆರಗಿನ ತುದಿ ಎತ್ತಿ ನೋಡಿದಳು. ಗಾಳಿಗೆ ಬೆನ್ನು ಕೊಟ್ಟು ನಿಂತಳು. ಗಿಡಕ್ಕೆಲ್ಲ ನೀರು ಚಿಮುಕಿಸಿದಳು. ಆಮೇಲೆ ಹಸಿ ಗೋಣಿತಟ್ಟು ಮಡಿಚಿ ಎಡಗೈಯಲ್ಲಿ ಎಲೆಯನ್ನು ಹಿಡಿದು, ಬಲಗೈಯಿಂದ ಗೆಣ್ಣಿನಲ್ಲಿ ಒಂದೇ ಏಟು. ಸವತೆಕಾಯಿಯ ವಾಸನೆ ಹಿತ್ತಲು ತುಂಬಿತು. ಕೊಯ್ದ ಬಾಯಿಗೆ ಒಲೆಯ ಬೂದಿ ಒತ್ತಿದಳು.

"ಆಯೀ, ಅದು ಎಲಿ ಅಲ್ರಿ, ಕಾಂಡ. ಕಳ್ಳಿಗಿ ಎಲಿ ಅಂದ್ರ ಮುಳ್ಳ," ಎಂದೆ ನಾನು, ಪಾಠ ಹೇಳುವವಳ ಗತ್ತಿನಲ್ಲಿ.

"ಹೌದೇನ್ರಿ ಅಕ್ಕೋರ? ಹಂಗಾದ್ರ ಆ ಎಲಿ ನನ್ನ ಕೈಯಾಗ ಭಾಳ ನಟ್ಟಾವು, ಬರ್ರಿ, ಒಂದೀಟ ತಗೀರಿ."

ಹೀಗೆ ನಾನು ಆ ಕೆಲಸಕ್ಕೆ ಬಿದ್ದೆ. ಕಳ್ಳಿಯ ದೊಡ್ಡ ಮುಳ್ಳಿಗಿಂತ ಅದರ ಬುಡದ ಸಣ್ಣ ಸುಂಕೇ ಕೆಟ್ಟದ್ದು. ಕಣ್ಣಿಗೆ ಕಾಣುವುದಿಲ್ಲ, ಕೈ ಮಡಿಚಿದರೆ ಚುರ್ ಅನ್ನುತ್ತದೆ. ಜೋಳದ ಹಿಟ್ಟಿನ ಮುದ್ದೆಯನ್ನು ಅಂಗೈ ಮೇಲೆ ಉರುಳಾಡಿಸಿದರೆ ಅದಕ್ಕೆ ಹತ್ತಿಕೊಂಡು ಬರುತ್ತದೆ. ಎಲೆಗಳಲ್ಲಿ ಕೆಲವಕ್ಕೆ ಬಿಳಿ ಅರಳೆಯ ಚುಕ್ಕೆಯಂಥದ್ದು ಅಂಟಿತ್ತು. ಆಯಿ ಅದನ್ನು ಕಂಡರೆ ಮುಖ ಕಿವುಚುತ್ತಿದ್ದಳು.

"ಬೂಷ್ಟು ಹಿಡದೈತ್ರಿ. ಇದನ್ನ ಬಿಟ್ರ ಗಿಡನ ಸುಟ್ಟ ಹೋಗತೈತಿ, ಹಣ್ಣ ಬಿಡಂಗಿಲ್ಲ." ಅಂಥ ಎಲೆಗಳನ್ನೆಲ್ಲ ಕೊಯ್ದು ಗೋಡೆಯಾಚೆ ಗುಡ್ಡದ ಕಲ್ಲಿಗೆ ಎಸೆದಳು. ಪ್ರತಿ ವರ್ಷ ಹಾಗೇ ಎಸೆಯುತ್ತಾಳಂತೆ.

"ಹಣ್ಣು ತಿನ್ನಾಕೇನ್ರಿ ಇಷ್ಟೆಲ್ಲ?" ಎಂದು ಕೇಳಿದೆ. ಆಯಿ ಮುಂದಿನ ಎಲೆಗೆ ಕೈ ಹಾಕಿದಳು.

ಉತ್ತರ ಕೊಟ್ಟವಳು ಸೊಸೆ ನೀಲವ್ವ, ಕಂಡಿಕೆ ಸುತ್ತುತ್ತ, ದನಿ ತಗ್ಗಿಸಿ. ಆಯಿಯ ಗಂಡ ಬದುಕಿದ್ದಾಗ ನೂಲಿಗೆ ಬಣ್ಣವನ್ನೂ ತಾನೇ ಹಾಕುತ್ತಿದ್ದನಂತೆ. ಮದುವೆಯಾದ ಹೊಸದರಲ್ಲಿ ಹೆಂಡತಿಗಾಗಿ ಒಂದು ಸೀರೆ ನೇಯ್ದ, ಅದರ ರೇಷ್ಮೆ ಸೆರಗು ಹಚ್ಚ ಕೆಂಪು. ಈ ಬಣ್ಣ ಎಲ್ಲಿಯದು ಎಂದು ಓಣಿಯ ನೇಕಾರರೆಲ್ಲ ಕೇಳಿದರೂ ಬಾಯಿ ಬಿಡಲಿಲ್ಲ. ಹೆಂಡತಿಗೆ ಮಾತ್ರ, "ನಮ್ಮ ಹಿತ್ತಲದಾಗಿನ ಕಳ್ಳಿ ಕೊಟ್ಟಿದ್ದು," ಎಂದು ಒಂದು ಮಾತು ಹೇಳಿದ್ದ. ಅವನು ಹೋದ ಮೇಲೆ ಆಯಿ ಕಳ್ಳಿಹಣ್ಣಿನ ರಸದಲ್ಲಿ ನೂಲು ಅದ್ದಿ ನೋಡಿದಳು. ಅಂದವಾದ ಬಣ್ಣವೇನೋ ಬಂತು, ಎರಡು ಸಲ ಒಗೆದರೆ ಹೋಯಿತು. ಮರುವರ್ಷ ಮತ್ತೆ ನೋಡಿದಳು. ಆ ಮರುವರ್ಷವೂ. ಓಣಿಯವರು ನಗತೊಡಗಿದರು, ಗುರವ್ವನ ಗಂಡ ಪೇಟೆಯಲ್ಲಿ ಬಣ್ಣದ ನೂಲು ಕೊಂಡು ತಂದು ಹೆಂಡತಿಯ ಮುಂದೆ ದೊಡ್ಡಸ್ತಿಕೆ ಕೊಚ್ಚಿಕೊಂಡಿದ್ದ ಎಂದರು.

"ನಮ್ಮ ಮನಿಯಾವ್ರೂ ಹಂಗ ಅಂತಾರ್ರಿ," ಎಂದಳು ನೀಲವ್ವ. "ಆದ್ರ ಅತ್ತಿ ಮುಂದ ಅನ್ನಂಗಿಲ್ಲ."

ಅನ್ನದಿದ್ದರೂ ಈರಪ್ಪ ಒಂದು ಮಾತು ತೀರ್ಮಾನಿಸಿದ್ದ. ಅವನಿಗೆ ಎರಡನೆಯ ಮಗ್ಗ ಹೂಡಬೇಕಿತ್ತು, ಅದಕ್ಕೆ ಕೋಣೆ ಬೇಕಿತ್ತು, ಕೋಣೆಗೆ ಇದ್ದ ಜಾಗವೆಂದರೆ ಕಳ್ಳಿ ನಿಂತ ಮೂಲೆ. ದಸರೆಗೆ ಕಳ್ಳಿ ಕಿತ್ತು ಅಡಿಪಾಯ. ಆಯಿ ಜಗಳವಾಡಲಿಲ್ಲ. "ಈ ಬ್ಯಾಸಗಿ ಹಣ್ಣ ಒಂದ ನೋಡತೀನಿ," ಎಂದಷ್ಟೇ ಕೇಳಿಕೊಂಡಳು. ಹೀಗೆ ಆ ವರ್ಷದ ಹಣ್ಣು ಕೊನೆಯ ಹಣ್ಣಾಯಿತು. ಗಂಡ ತನಗೆ ಹೇಳಿದ ಮಾತು ಖರೆಯೋ ಸುಳ್ಳೋ ಎಂಬುದು ಅಷ್ಟರೊಳಗೆ ತಿಳಿಯಬೇಕು. ಕಳ್ಳಿ ಹೋದ ಮೇಲೆ ತಿಳಿಯುವ ದಾರಿಯೇ ಇಲ್ಲ.

ಆ ಸೀರೆ ಈಗ ಇರಲಿಲ್ಲ. ಇದ್ದದ್ದು ಅದರ ಸೆರಗಿನ ಒಂದು ತುಂಡು. ಆಯಿಯ ಮನೆಯವರು ಲಿಂಗ ಕಟ್ಟಿಕೊಳ್ಳುವವರು. ದಿನಾ ಮುಂಜಾನೆ ಜಳಕ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಮುಗಿದ ಮೇಲೆ ಆಯಿ ಅದನ್ನು ಆ ಕೆಂಪು ರೇಷ್ಮೆಯ ತುಂಡಿನಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಳು. ಒಮ್ಮೆ ಬಿಚ್ಚಿ ಒಣಹಾಕಿದಾಗ ನೋಡಿದೆ. ನೂಲು ಸವೆದು ಜಾಳಾಗಿತ್ತು, ಬಣ್ಣ ಮಾತ್ರ ನಿನ್ನೆ ಹಾಕಿದ ಹಾಗಿತ್ತು. ಅಷ್ಟು ವರ್ಷದ ನೀರಿಗೂ ಬಿಸಿಲಿಗೂ ಜಗ್ಗದ ಆ ಕೆಂಪನ್ನು ನೋಡಿದ ಮೇಲೆ ನನ್ನ ತಲೆಯಲ್ಲೂ ಹುಳ ಹೊಕ್ಕಿತು. ಸಾಲೆಯ ರಜೆಗೆ ನರಗುಂದಕ್ಕೆ ಹೋದವಳು ಅವ್ವನಿಗೆ ಏನೋ ನೆವ ಹೇಳಿ ಬೇಗ ತಿರುಗಿ ಬಂದೆ.

ಗಡದ ಬೇಸಿಗೆ ಹೇಳಿ ತಿಳಿಯುವಂಥದ್ದಲ್ಲ. ಗುಡ್ಡದ ಕಲ್ಲು ಹಗಲೆಲ್ಲ ಕಾದು ಸಂಜೆಗೆ ಊರಿನ ಮೇಲೆ ಉಸಿರು ಬಿಡುತ್ತದೆ. ಬಾವಿಯಲ್ಲಿ ಕೊಡ ನೆಲ ಮುಟ್ಟಿ ಟಣ್ ಅನ್ನುತ್ತಿತ್ತು. ಬೇವಿನ ನೆರಳಿನಲ್ಲಿ ನಾಯಿ ನಾಲಿಗೆ ಚಾಚಿ ಬಿದ್ದಿರುತ್ತಿತ್ತು. ಆ ಬಿಸಿಲಿನಲ್ಲಿ ಹಸಿರಾಗಿದ್ದುದು ನಮ್ಮ ಕಳ್ಳಿ ಒಂದೇ. ಅಂಚಿನ ತುಂಬ ಹಣ್ಣು ಕಟ್ಟಿ, ಒಂದೊಂದೇ ಕೆಂಪಿಗೆ ತಿರುಗತೊಡಗಿದವು. ಆಯಿ ದಿನಾ ಎರಡು ಹೊತ್ತು ಹೋಗಿ ನೋಡುವಳು. ನಾನೂ ಹಿಂದಿನಿಂದ. ಯಾಕೆ ನೀರು ಹಾಕುವುದಿಲ್ಲ, ಯಾಕೆ ಮೂಡಣ ದಿಕ್ಕಿನ ಹಣ್ಣು ಮೊದಲು ಕೆಂಪಾಗುತ್ತದೆ, ಇರುವೆ ಯಾಕೆ ಈ ಎಲೆಯ ಮೇಲೇ ಸಾಲುಗಟ್ಟಿವೆ?

"ಅಕ್ಕೋರ, ನಿಮ್ಮ ಬಾಯಾಗ ಬರೇ ಪ್ರಶ್ನಿನ ಹುಟ್ಟತಾವೇನ್ರಿ? ಗಂಡನ ಮನ್ಯಾಗ ಹ್ಯಾಂಗ ಬಾಳೇ ಮಾಡತೀರಿ?"

"ನೀವು ನಿಮ್ಮ ಯಜಮಾನ್ರಿಗಿ ಏನೂ ಕೇಳತಿದ್ದಿಲ್ಲೇನ್ರಿ ಆಯೀ? ಬಣ್ಣ ಹ್ಯಾಂಗ ಮಾಡಿದ್ರಿ ಅಂತ?"

"ನಮ್ಮ ಕಾಲಕ್ಕ ಗಂಡ್ಸರು ಹೇಳಿದಷ್ಟ ಕೇಳೂದು. ಹೆಚ್ಚಿಗಿ ಕೇಳಿದ್ರ ಎದುರ ಮಾತಾಡಿದಂಗ ಆಗತಿತ್ತು," ಎಂದಳು ಆಯಿ, ಬೇಸರವಿಲ್ಲದೆ.

ಹಣ್ಣು ಮಾಗಿದವು. ಬೇವಿನ ಟೊಂಗೆಯಿಂದ ಹೊಡೆದು ಸುಂಕು ಉದುರಿಸಿ, ಉಸುಕಿನಲ್ಲಿ ಉರುಳಾಡಿಸಿ, ಕುಟ್ಟಿ ರಸ ತೆಗೆದೆವು. ನೀರು ತಿಳಿಯಾಗಲು ಹಾಕುವ ಪಟಕವಿದೆಯಲ್ಲ, ಅದನ್ನು ಕರಗಿಸಿದ ನೀರಿನಲ್ಲಿ ಆಯಿ ಬಿಳಿ ರೇಷ್ಮೆ ನೂಲಿನ ಲಡಿಯನ್ನು ಇಡೀ ದಿನ ನೆನೆಯಿಟ್ಟಳು. ಬಣ್ಣ ಹಿಡಿಯಲು ಹಾಗೆ ಮಾಡಬೇಕು ಎಂಬುದಷ್ಟು ಅವಳು ಗಂಡನನ್ನು ನೋಡಿ ಕಲಿತಿದ್ದಳು. ರಸವನ್ನು ಕುದಿಸಿ ಲಡಿಯನ್ನು ಮುಳುಗಿಸಿದಾಗ ಬಂದ ಬಣ್ಣ ನೋಡಿ ನಾನು ಚಪ್ಪಾಳೆ ತಟ್ಟಿದೆ. ಆಯಿ ತಟ್ಟಲಿಲ್ಲ. "ಒಗದ ಮ್ಯಾಲ ನೋಡೋಣು ತಡೀರಿ," ಎಂದು ಅದನ್ನು ನೆರಳಿನಲ್ಲಿ ಒಣಗಲು ಹಾಕಿದಳು.

ಅದು ಒಣಗುವಷ್ಟರಲ್ಲಿ ಇದು ನಡೆಯಿತು. ಹಣ್ಣು ಕೀಳುವಾಗ ಮತ್ತೊಂದು ಎಲೆಗೆ ಬಿಳಿ ಬೂಷ್ಟು ಹಿಡಿದದ್ದು ಕಂಡು ಆಯಿ ಅದನ್ನು ಕೊಯ್ದು ಕೆಳಗೆ ಬೀಳಿಸಿದ್ದಳು. "ಅಕ್ಕೋರ, ಅದನ್ನೊಂದೀಟ ಗ್ವಾಡಿ ಆಚಿಗಿ ಒಗೀರಿ," ಎಂದಳು. ಎತ್ತಿ ಎಸೆದೆ. ಹೆಬ್ಬೆರಳು ಒಂದು ಬಿಳಿ ಚುಕ್ಕೆಯ ಮೇಲೆ ಒತ್ತಿತ್ತು. ನೋಡಿದರೆ ಬೆರಳು ಕೆಂಪು. ಮುಳ್ಳು ಚುಚ್ಚಿ ನೆತ್ತರು ಬಂತೆಂದು ಚೀಪಲು ಹೋದೆ, ಗಾಯವೇ ಇರಲಿಲ್ಲ. ಖೋಲಿಗೆ ಹೋಗಿ ಸಾಬೂನು ಹಚ್ಚಿ ತಿಕ್ಕಿದೆ. ಹಣ್ಣಿನ ರಸ ತಾಗಿದ ಉಳಿದ ಬೆರಳುಗಳೆಲ್ಲ ಬೆಳ್ಳಗಾದವು, ಹೆಬ್ಬೆರಳ ಉಗುರಿನ ಸಂದು ಕೆಂಪಾಗಿಯೇ ಉಳಿಯಿತು.

ಗೋಡೆ ಸುತ್ತಿ ಹೋಗಿ ಆ ಎಲೆಯನ್ನು ಹುಡುಕಿ ತಂದೆ. ಕೂದಲಿನ ಪಿನ್ನು ತೆಗೆದು ಅದರ ತುದಿಯಿಂದ ಬಿಳಿ ಅರಳೆಯನ್ನು ಸರಿಸಿದೆ. ಒಳಗೆ ಬೂಷ್ಟಲ್ಲ, ಹುಳ. ಸಾಸಿವೆ ಕಾಳಿಗಿಂತ ಒಂದಿಷ್ಟು ದಪ್ಪ, ದುಂಡಗೆ, ಎಲೆಗೆ ಬಾಯಿ ಊರಿ ಕೂತಿದೆ. ಪಕ್ಕದಲ್ಲಿ ಅದರ ಮರಿಗಳು, ಕೆಂಪು ಚುಕ್ಕೆಗಳಂತೆ, ಕಾಲು ಆಡಿಸುತ್ತ ಹರಿಯುತ್ತಿದ್ದವು. ಹಿತ್ತಾಳೆಯ ಲೋಟದ ಬಿಸಿನೀರಿನಲ್ಲಿ ಹತ್ತಾರು ಹುಳ ಅರೆದೆ. ಪಟಕದ ನೀರಿನಲ್ಲಿ ನೆನೆದ ರೇಷ್ಮೆಯ ಒಂದು ಎಳೆ ಲಡಿಯಿಂದ ಉದುರಿ ಬಿದ್ದಿತ್ತಲ್ಲ, ಅದನ್ನು ಅದ್ದಿದೆ. ತೆಗೆದು, ಅಂಟವಾಳದ ನೊರೆಯಲ್ಲಿ ತಿಕ್ಕಿದೆ, ಸಾಬೂನಿನಲ್ಲಿ ತಿಕ್ಕಿದೆ, ಬಿಸಿಲಿಗಿಟ್ಟೆ. ಬಣ್ಣ ಕದಲಲಿಲ್ಲ. ಆಯಿಯ ಕೊರಳಿನಲ್ಲಿದ್ದ ಅದೇ ಕೆಂಪು.

ಎಂಥ ಖುಷಿ ಆಯಿತೆಂದರೆ ಹಿತ್ತಲಿಗೆ ಓಡಿ ಕೂಗಬೇಕೆನ್ನಿಸಿತು. ಬಾಗಿಲವರೆಗೆ ಹೋದವಳು ನಿಂತೆ. ಹಿತ್ತಲಲ್ಲಿ ಆಯಿ ಒಲೆಗೆ ಹಾಕುವ ಕಟ್ಟಿಗೆಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟುತ್ತಿದ್ದಳು, ಒಳಗೆ ಇರುವೆ ಇದ್ದರೆ ಹೊರಗೆ ಬರಲಿ ಎಂದು. ದಿನಾ ಹಾಗೇ ಮಾಡುತ್ತಿದ್ದಳು. ಕುಟ್ಟಿ, ಕಾದು, ಕೊನೆಯ ಇರುವೆ ಇಳಿದು ಹೋದ ಮೇಲೆ ಒಲೆಗೆ ಇಡುವಳು. ಆ ಮನೆಯಲ್ಲಿ ತಿಗಣೆಯನ್ನೂ ಹೊಸಕುತ್ತಿರಲಿಲ್ಲ, ಹಿಡಿದು ಹೊರಗೆ ಬಿಡುತ್ತಿದ್ದರು. ಅಂಥ ಮನೆಯ ಯಜಮಾನ ಹುಳ ಅರೆದು ಬಣ್ಣ ತೆಗೆದಿದ್ದ, ಆ ಬಣ್ಣದ ಬಟ್ಟೆ ಆಯಿಯ ಲಿಂಗಕ್ಕೆ ಸುತ್ತಿಕೊಂಡಿತ್ತು. ಅವನು ಓಣಿಯ ಮುಂದೆ ಬಾಯಿ ಬಿಡದೆ ಇದ್ದದ್ದು ಯಾಕೆಂದು ಈಗ ತಿಳಿಯಿತು. ಎಳೆಯನ್ನು ಮಡಿಚಿ ಟ್ರಂಕಿನಲ್ಲಿಟ್ಟೆ. ಕೇಳುವ ಚಟದವಳಿಗೆ ಹೇಳುವ ಧೈರ್ಯವಿರಲಿಲ್ಲ.

ಮರುದಿನ ಮಧ್ಯಾಹ್ನ ಗುಡ್ಡದ ಹಿಂದೆ ಮೋಡ ಕಟ್ಟಿತು. ಅಡ್ಡಮಳೆಯ ಗಾಳಿ ಬೀಸತೊಡಗಿತು. ಆಯಿ ಲಡಿಯನ್ನು ಅಂಟವಾಳದ ನೀರಿಗೆ ಹಾಕಿ ಹಿಂಡಿದಳು. ನೀರು ಗುಲಾಬಿ ಬಣ್ಣವಾಯಿತು. ಮತ್ತೊಂದು ನೀರಿಗೆ ಹಾಕಿದಳು, ಅದೂ ಗುಲಾಬಿ. ಮೂರನೆಯ ನೀರಿನಿಂದ ತೆಗೆದಾಗ ಲಡಿ ಮಾಸಿದ ಬಿಳಿಯದಾಗಿತ್ತು. ಮಗ್ಗ ನಿಲ್ಲಿಸಿ ಹೊರಗೆ ಬಂದ ಈರಪ್ಪ ಅವ್ವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಯವ್ವಾ, ಸಾಕ ಬಿಡ. ಅಪ್ಪ ಎಲ್ಲೋ ಪ್ಯಾಟ್ಯಾಗ ತಂದಿರಬೇಕು. ನಿನಗ ಖುಷಿ ಆಗ್ಲಿ ಅಂತ ಹಂಗಂದಿರಬೇಕು. ಅದ್ರಾಗ ತಪ್ಪೇನೈತಿ?"

ಅವನು ಮೆತ್ತಗೆಯೇ ಹೇಳಿದ. ಆಯಿ ಲಡಿಯನ್ನು ಹಿಂಡುತ್ತಲೇ ಇದ್ದಳು, ಹಿಂಡಲು ನೀರು ಉಳಿದಿರಲಿಲ್ಲ.

"ಹಂಗಾದ್ರ ಅವ್ರು ನನಗ ಸುಳ್ಳ ಹೇಳಿದ್ರು ಅಂತ ಆತು," ಎಂದಳು. "ಇಷ್ಟ ವರ್ಷ ನಾ ಅದನ್ನ ಎದಿ ಮ್ಯಾಲ ಕಟಗೊಂಡ ಅಡ್ಡಾಡಿದ್ನಿ."

ನನ್ನಿಂದ ತಡೆಯಲಾಗಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದು ಆ ಎಳೆ ತಂದು ಈರಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದ, ಎಂಜಲು ಹಚ್ಚಿ ತನ್ನ ಬಿಳಿ ಧೋತರಕ್ಕೆ ತಿಕ್ಕಿದ. ಧೋತರ ಬಿಳಿಯದಾಗಿಯೇ ಇತ್ತು.

"ಪಕ್ಕಾ ಬಣ್ಣ! ಎಲ್ಲೀದ್ರಿ ಅಕ್ಕೋರ ಇದು?"

ಕಳ್ಳಿಯ ಕಡೆ ಕೈ ಮಾಡಿದೆ. "ಹಣ್ಣಿಂದಲ್ರಿ. ಆಯಿ ಬೂಷ್ಟು ಅಂತ ಒಗೀತಾರಲ್ಲ, ಅದರದು."

ಈರಪ್ಪ ಎರಡು ಹೆಜ್ಜೆಯಲ್ಲಿ ಗಿಡದ ಹತ್ತಿರ ಹೋದ. ಒಂದು ಬಿಳಿ ಚುಕ್ಕೆ ಹುಡುಕಿ ಉಗುರಿನಿಂದ ಒತ್ತಿದ. ಉಗುರು ಕೆಂಪಾದದ್ದೇ ಕೂಗಿಕೊಂಡ, "ಯವ್ವಾ! ಅಪ್ಪ ಖರೇನ ಹೇಳ್ಯಾನಬೇ! ಕಳ್ಳೀದ ಐತಿ! ಓಣ್ಯಾವ್ರನ್ನೆಲ್ಲ ಕರದ ತೋರಸ್ತೀನಿ!"

ಆಯಿ ಮೇಲೆದ್ದು ಬಂದಳು. ನಗು ಆಗಲೇ ತುಟಿಗೆ ಬಂದಿತ್ತು. ಬಿಳಿ ಅರಳೆ ಸರಿದ ಎಲೆಯ ಮೇಲೆ ಬಗ್ಗಿ ನೋಡಿದಳು. ಮರಿಗಳು ಹರಿಯುತ್ತಿದ್ದವು.

"ಇದಕ್ಕ ಜೀವ ಐತೇನ್ರಿ ಅಕ್ಕೋರ?"

"ಐತ್ರಿ ಆಯೀ."

"ಇದನ್ನ ಅರದ್ರ ಬಣ್ಣ ಬರತೈತಿ?"

"ಹೌದ್ರಿ."

ಆಯಿಯ ಕೈ ಕೊರಳಿಗೆ ಹೋಯಿತು, ಕೆಂಪು ಬಟ್ಟೆಯ ಮೇಲೆ. ಅಲ್ಲಿಂದ ಸರಿಯಿತು. ಒಳಗೆ ಹೋದಳು. ದಪ್ಪ ದಪ್ಪ ಹನಿ ಬೀಳತೊಡಗಿದವು. ನಾವಿಬ್ಬರೂ ಕಳ್ಳಿಯ ಮುಂದೆ ತೊಯ್ಯುತ್ತ ನಿಂತೆವು, ಗೆದ್ದೆವೋ ಸೋತೆವೋ ತಿಳಿಯದೆ.

ಮರುದಿನದಿಂದ ಆಯಿಯ ಲಿಂಗಕ್ಕೆ ಬಿಳಿ ಅರಿವೆ ಬಂತು. ಕೆಂಪು ತುಂಡನ್ನು ತೊಳೆದು, ಮಡಿಚಿ, ಮಾಡದಲ್ಲಿ ಇಟ್ಟಿದ್ದಳು. ಮುಟ್ಟುತ್ತಿರಲಿಲ್ಲ, ಎಸೆಯುತ್ತಲೂ ಇರಲಿಲ್ಲ. ಈರಪ್ಪ ಬಹಳ ಆಸೆಯಿಂದ ಬೇಡಿಕೊಂಡ, ಒಂದೇ ಒಂದು ಲಡಿ ಅದ್ದಿ ನೋಡುತ್ತೇನೆ ಎಂದು. ಕಳ್ಳಿ ಕೀಳುವ ಮಾತನ್ನೂ ಹಿಂದೆ ತಗೊಂಡ. ಆಯಿ, "ನಾ ಇರೂತನ ಬ್ಯಾಡ," ಎಂದಳು.

"ಯವ್ವಾ, ರೇಷ್ಮಿ ಎಲ್ಲಿಂದ ಬರತೈತಿ ಅಂತ ತಿಳದೀ? ಅದೂ ಹುಳಾನ. ಕುದಿಯೂ ನೀರಾಗ ಹಾಕೇ ನೂಲ ತಗೀತಾರ. ಅದನ್ನ ಮಡಿ ಅಂತ ಉಟಗೋತೀವಿ."

"ಅವು ನಮ್ಮ ಮನ್ಯಾಗ ಸತ್ತಿಲ್ಲ," ಎಂದಳು ಆಯಿ. ಈರಪ್ಪ ಮಗ್ಗಕ್ಕೆ ಹೋಗಿ ಕೂತ.

ನನಗೆ ಆ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ. ಹೇಳದೆ ಇದ್ದಿದ್ದರೆ ಆಯಿಯ ಪಾಲಿಗೆ ಗಂಡ ಸುಳ್ಳುಗಾರನಾಗುತ್ತಿದ್ದ, ಹೇಳಿದ್ದಕ್ಕೆ ಜೀವ ತೆಗೆದವನಾದ. ಎರಡರಲ್ಲಿ ಯಾವುದು ಮೇಲು ಎಂದು ಸಾಲೆಯಲ್ಲಿ ಮಗ್ಗಿ ಹೇಳಿಸುತ್ತಲೂ ಅದೇ ಯೋಚನೆ. ಆಯಿ ನನ್ನ ಮೇಲೆ ಸಿಟ್ಟಾಗಲಿಲ್ಲ, ಮೊದಲಿನಂತೆ ಕಟಕರೊಟ್ಟಿ ಕೊಡುತ್ತಿದ್ದಳು. ಹಿತ್ತಲಿಗೆ ಮಾತ್ರ ಕಾಲಿಡಲಿಲ್ಲ. ಮುಂಗಾರು ಹಿಡಿಯಿತು. ಹೇಳುವವರಿಲ್ಲದೆ ಕಳ್ಳಿ ಅಡ್ಡಾದಿಡ್ಡಿ ಚಿಗುರಿತು, ಎಲೆಗೆ ಎಲೆ ತಾಗಿತು. ಎಲೆಗಳ ಸಂದಿನಲ್ಲಿ, ಮಳೆ ತಾಗದ ಕಡೆ, ಬಿಳಿ ಚುಕ್ಕೆಗಳು ಉಳಿದುಕೊಂಡಿದ್ದವು.

ಶ್ರಾವಣದ ಒಂದು ಸೋಮವಾರ ಜಿಟಿಜಿಟಿ ಮಳೆ ನಿಂತಿತ್ತು. ಹಿತ್ತಲಿನಿಂದ ಸವತೆಕಾಯಿಯ ವಾಸನೆ ಬಂದು ನಾನು ಬಾಗಿಲು ತೆರೆದೆ. ಆಯಿ ಗಾಳಿಗೆ ಬೆನ್ನು ಕೊಟ್ಟು ನಿಂತು ಕಳ್ಳಿ ಕೊಯ್ಯುತ್ತಿದ್ದಳು. ಅಡ್ಡ ಬೆಳೆದದ್ದನ್ನು ತೆಗೆದಳು, ಒಳಗಿನ ಗೊಂದಲ ತೆಗೆದಳು. ಹುಳ ಹಿಡಿದ ಎಲೆಗಳನ್ನೂ ಕೊಯ್ದು, ಮೊದಲಿನಂತೆ ಎಸೆಯದೆ, ಗೋಡೆಯಾಚೆಗೆ ಒಂದೊಂದಾಗಿ ಮೆಲ್ಲಗೆ ಇಳಿಬಿಟ್ಟಳು. ಕೊನೆಗೆ ಕೆಳಗಿನ ಒಂದು ಎಲೆ ಉಳಿಯಿತು, ಅರಳೆ ಹಚ್ಚಿದಷ್ಟು ಬಿಳಿ. ಅದರ ಮೇಲೆ ಕುಡಗೋಲು ಎತ್ತಲಿಲ್ಲ. ನನ್ನ ಕಣ್ಣು ಅವಳ ಕೊರಳಿಗೆ ಹೋಯಿತು. ಲಿಂಗಕ್ಕೆ ಕೆಂಪು ಬಟ್ಟೆ ಸುತ್ತಿತ್ತು.

ಸುಮ್ಮನಿರಬೇಕಿತ್ತು. ಆದರೆ ಚಟ. "ಆಯೀ, ಮತ್ತ ಅದನ್ನ ಕಟ್ಟಿಕೊಂಡ್ರೇನ್ರಿ? ಯಾಕ್ರಿ?"

ಆಯಿ ಕುಡಗೋಲು ಕೆಳಗಿಟ್ಟು ಕಲ್ಲಿನ ಮೇಲೆ ಕೂತಳು.

"ಭಾಳ ವಿಚಾರ ಮಾಡಿದ್ನಿ ಅಕ್ಕೋರ. ಈರ್ಯಾ ಅಂದಂಗ ನೂಲಿನಾಗೂ ಜೀವ ಅದಾವ, ಬಣ್ಣದಾಗೂ ಜೀವ ಅದಾವ. ಎಷ್ಟ ಅದಾವೋ ಏನೋ, ಅವ್ರೂ ಎಣಿಸಿರಲಿಕ್ಕಿಲ್ಲ. ಎಲ್ಲಾ ಕೂಡಿ ಇಷ್ಟ ಅರಿವ್ಯಾಗ ಅದಾವ. ಮಾಡದಾಗ ಇಟ್ನಿ, ಮನಸ್ಸ ಒಪ್ಪಲಿಲ್ಲ. ಹೊರಗ ಒಗ್ಯಾಕ ಕೈ ಬರಲಿಲ್ಲ. ಇವನ್ನ ನಾ ಎಲ್ಲಿ ಇಡ್ಲಿ ಹೇಳ್ರಿ? ಲಿಂಗದ ಮೈಮ್ಯಾಲ ಇರೂಕಿಂತ ಚಲೋ ಜಾಗಾ ಅವಕ್ಕ ಎಲ್ಲೈತಿ?"

ಕಣ್ಣು ತುಂಬಿ ಬಂದು ಕಳ್ಳಿಯ ಕಡೆ ನೋಡುತ್ತ ನಿಂತೆ.

"ಮತ್ತ ಅವ್ರು ಸುಳ್ಳ ಹೇಳಲಿಲ್ಲ ನೋಡ್ರಿ," ಎಂದಳು ಆಯಿ. "ಕಳ್ಳಿ ಕೊಟ್ಟಿದ್ದು ಅಂದ್ರು. ಮುಂದ ಹ್ಯಾಂಗ ಅಂತ ಕೇಳಿದ್ರ ಹೇಳತಿದ್ರೋ ಏನೋ. ಹೇಳಬೇಕಂತ ಬಾಯಿ ತನ ತಂದಿರಬೇಕು. ನಾ ಕೇಳಲಿಲ್ಲ."

ದಸರೆಗೆ, ಎರಡನೆಯ ಮಗ್ಗಕ್ಕೆ ಜಾಗ ಬೇಕಲ್ಲ ಎಂದು, ಅವಳೇ ಮಗನಿಗೆ ಹೇಳಿ ಕಳ್ಳಿ ತೆಗೆಸಿದಳು. ಕೀಳುವ ಮುನ್ನ ಆ ಬಿಳಿ ಎಲೆಯನ್ನು ಗೆಣ್ಣಿಗೆ ಕೊಯ್ದು, ಬಾಯಿ ಒಣಗುವತನಕ ನೆರಳಿನಲ್ಲಿಟ್ಟು, ಒಡಕು ಗಡಿಗೆಯಲ್ಲಿ ನೆಟ್ಟಳು. ಅದರ ಜೊತೆ ಇನ್ನೆರಡು ಚೊಕ್ಕ ಎಲೆ. ಹುಳಕ್ಕೊಂದು, ಗಿಡಕ್ಕೆರಡು ಎಂದು ಲೆಕ್ಕ. ಗಂಡನಿಗೆ ಒಂದು ಪ್ರಶ್ನೆಯನ್ನೂ ಕೇಳದಿದ್ದ ಮುದುಕಿ ಆಮೇಲೆ ನನ್ನನ್ನು ಕೇಳಿ ಕೇಳಿ ಸುಸ್ತು ಮಾಡಿದಳು. ರೆಕ್ಕೆ ಇಲ್ಲದ ಮರಿ ಒಂದು ಗಿಡದಿಂದ ಇನ್ನೊಂದಕ್ಕೆ ಹ್ಯಾಂಗ ಹೋಗತಾವ್ರಿ? ಎಲಿ ಮುಳ್ಳಾದ್ದು ಯಾಕ್ರಿ? ಮುಂದಿನ ವರ್ಷ ರೋಣಕ್ಕೆ ವರ್ಗವಾಗಿ ನಾನು ಬಸ್ಸು ಹತ್ತುವಾಗಲೂ ಕಿಟಕಿಯ ಹತ್ತಿರ ನಿಂತು ಏನೋ ಕೇಳುತ್ತಿದ್ದಳು, ಇಂಜಿನ್ನಿನ ಸಪ್ಪಳದಲ್ಲಿ ನನಗೆ ಕೇಳಿಸಲಿಲ್ಲ.

ಸುನಂದಾ ಕತ್ತರಿ ಆಡಿಸುತ್ತ ಕುಂಡದ ಹಿಂಬದಿಗೆ ಹೋದಳು. "ಅಯ್ಯ, ಇಲ್ಲೊಂದಕ್ಕ ಏನೋ ಬಿಳೇದು ಹತ್ತೇತಿ ನೋಡ್ರಿ," ಎಂದು ಹಳೆಯ ಹಲ್ಲುಜ್ಜುವ ಬ್ರಶ್ಶು ತಗೊಂಡಳು.

"ತಿಕ್ಕಬ್ಯಾಡ. ಉಳಿದವು ಚೊಕ್ಕ ಮಾಡು, ಅದೊಂದನ್ನ ಬಿಡು."

"ಯಾಕ್ರಿ ಅತ್ಯಾ?"

ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡೆ. ಕೇಳಿದಳಲ್ಲ, ಹೇಳಿದೆ.